ಕುದ್ದದ್ದು ನೀರು, ಪುಡಿ ಅಲ್ಲ

(1/4)
ದೋಸ್ತರೇ, ಹಾಲಿನ ಸರಣಿಯ ಈ ಕಂತು ಸ್ವಲ್ಪ ಉದ್ದ ಅದ. ಪೂರ್ತಿ ಓದ್ರಿ, ಆಮೇಲೆ ಮನ್ಯಾಗ ಸಣ್ಣ ಕೂಸು ಇರೋರಿಗೆ ಕಳಿಸ್ರಿ.

ಕೂಸಿನ ಹಾಲಿನ ಪುಡಿ ಮೆಡಿಕಲ್ ಅಂಗಡ್ಯಾಗ ಸಿಗ್ತದ, ಡಾಕ್ಟ್ರು ಬರೆದುಕೊಡ್ತಾರ, ಡಬ್ಬಿ ಒಳಗ ಸೀಲ್ ಇರ್ತದ. ಹಂಗಾಗಿ ಅದು ಸಲೈನ್ ಬಾಟಲಿಯಷ್ಟೇ ಶುದ್ಧ ಅಂತ ಬಹಳ ಜನ ತಿಳ್ಕೊಂಡಿರ್ತಾರ. ಹಂಗಿಲ್ರಿ. ಶಿಶು ಹಾಲಿನ ಪುಡಿ ಸ್ಟೆರೈಲ್ ಅಲ್ಲ. ಇದು ಯಾವುದೋ ಒಂದು ಕಂಪನಿಯ ಮೇಲಿನ ದೂರಲ್ಲ. ಈಗಿರುವ ವಿಧಾನಗಳಲ್ಲಿ ಪುಡಿಯನ್ನ ಪೂರ್ತಿ ಸ್ಟೆರೈಲ್ ಮಾಡಲು ಆಗುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳ್ತದ.

ನನ್ನ ಮಾತು ಇಷ್ಟೇ: ಈ ಪುಡಿಯ ಕೊನೆಯ ಸುರಕ್ಷತಾ ಹಂತ ಫ್ಯಾಕ್ಟರ್ಯಾಗ ಇಲ್ಲ, ಮನೆಯ ಒಲೆ ಮೇಲೆ ಅದ. ಅದನ್ನ ಮನೆಯವರಿಗೆ ತಿಳಿಸಿ ಹೇಳೋ ಕೆಲಸದಾಗ ನಾವು ಹಿಂದೆ ಬಿದ್ದೀವಿ. ಕಲಬುರಗಿಯಿಂದ ಕಮಲಾಪುರದ ಕಡೆ ಹೋಗೋ ದಾರಿಯಲ್ಲಿ, ಮಹಾಗಾಂವ ಕ್ರಾಸ್‌ನಾಗ ಡೈರಿ ಸೈನ್ಸ್ ಕಾಲೇಜೇ ಅದ. ಹಾಲು ಓದೋರು ಇಷ್ಟು ಹತ್ತಿರ ಇದ್ದೂ ಈ ಮಾತು ಊರಿಗೆ ಮುಟ್ಟಲಿಲ್ಲ ಅಂದ್ರ ಹೆಂಗ?

(2/4)
ಮೊದಲು ಶತ್ರುವಿನ ಪರಿಚಯ. ಹೆಸರು ಕ್ರೋನೋಬ್ಯಾಕ್ಟರ್ ಸಕಾಜಾಕಿ. ಹಳೇ ಪುಸ್ತಕದಾಗ ಎಂಟರೋಬ್ಯಾಕ್ಟರ್ ಸಕಾಜಾಕಿ ಅಂತ ಇರ್ತದ, ಎರಡೂ ಒಂದೇ. ಇದರ ಜೊತೆ ಸಾಲ್ಮೊನೆಲ್ಲಾದ ಭಯವೂ ಅದ. ಕ್ರೋನೋಬ್ಯಾಕ್ಟರ್ ಸೋಂಕು ಅಪರೂಪ, ಖರೆ. ಆದರೆ ತಗುಲಿದರೆ ಬಹಳ ಕೆಟ್ಟದ್ದು. ಎರಡು ತಿಂಗಳೊಳಗಿನ ಕೂಸು, ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ತೂಕ ಕಮ್ಮಿ ಇರುವ ಕೂಸು, ಇವರಿಗೆ ಅಪಾಯ ಹೆಚ್ಚು. ರಕ್ತಕ್ಕೆ ಸೋಂಕು ಹತ್ತಬಹುದು, ಮಿದುಳಿನ ಪೊರೆಗೂ ಹತ್ತಬಹುದು. ಬದುಕಿ ಉಳಿದ ಮಕ್ಕಳಲ್ಲೂ ನರಗಳ ತೊಂದರೆ ಉಳಿದುಬಿಡಬಹುದು.

ಪಾಶ್ಚರೀಕರಣದಲ್ಲಿ ಇದು ಸಾಯ್ತದ. ಹಂಗಾದ್ರ ಪುಡಿಯೊಳಗ ಎಲ್ಲಿಂದ ಬರ್ತದ? ಬಿಸಿ ಮಾಡುವ ಹಂತ ಮುಗಿದ ಮೇಲೆ. ಸ್ಪ್ರೇ ಡ್ರೈಯರ್‌ನಿಂದ ಹೊರಬಂದ ಪುಡಿಗೆ ವಿಟಮಿನ್, ಖನಿಜ ಒಣದಾಗಿ ಬೆರೆಸುವಾಗ, ಪ್ಯಾಕ್ ಮಾಡುವಾಗ. ಅದಕ್ಕೇ ಆ ಜಾಗ ಒಣಗಿರಬೇಕು, ಸಾಧ್ಯವಾದಷ್ಟು ನೀರಿಲ್ಲದೆ ಸ್ವಚ್ಛ ಮಾಡಬೇಕು. ಒಂದು ಕಡೆ ನೀರು ನಿಂತರೂ ಬ್ಯಾಕ್ಟೀರಿಯಾಕ್ಕೆ ಮನೆ ಕಟ್ಟಿಕೊಟ್ಟಂಗ.

2022ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಸ್ಟರ್ಜಿಸ್ ಊರಿನ ಅಬಾಟ್ ಫ್ಯಾಕ್ಟರಿಯೊಳಗ ಕ್ರೋನೋಬ್ಯಾಕ್ಟರ್ ಸಿಕ್ಕಿತು. ಕಾಯಿಲೆ ಬಿದ್ದ ಮಕ್ಕಳಲ್ಲಿ ಸಿಕ್ಕ ತಳಿಗೂ ಫ್ಯಾಕ್ಟರಿಯ ತಳಿಗೂ ತಾಳೆ ಆಗಲಿಲ್ಲ. ಆದರೂ ಡಬ್ಬಿಗಳನ್ನ ವಾಪಸ್ ಕರೆಸಿದರು, ಫ್ಯಾಕ್ಟರಿ ತಿಂಗಳುಗಟ್ಟಲೆ ನಿಂತಿತು, ಅಷ್ಟು ದೊಡ್ಡ ದೇಶದಾಗ ಕೂಸಿನ ಹಾಲಿನ ಪುಡಿಗೆ ಬರ ಬಂತು.

"ಟೆಸ್ಟ್ ಮಾಡಿಯೇ ಕಳಿಸ್ತಾರಲ್ಲ" ಅಂತೀರಿ. ಮಾಡ್ತಾರ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಒಂದು ಲಾಟ್‌ನಿಂದ 10 ಗ್ರಾಂನ 30 ಮಾದರಿ ತೆಗೆದು ನೋಡಬೇಕು, ಒಂದರಲ್ಲೂ ಕ್ರೋನೋಬ್ಯಾಕ್ಟರ್ ಇರಬಾರದು. ಒಟ್ಟು ನೋಡಿದ್ದು 300 ಗ್ರಾಂ. ಲಾಟ್ ಇರೋದು ಟನ್ ಲೆಕ್ಕದಾಗ. ಬ್ಯಾಕ್ಟೀರಿಯಾ ಪುಡಿಯೊಳಗ ಸಮವಾಗಿ ಹರಡಿರೋದಿಲ್ಲ, ಅಲ್ಲಲ್ಲಿ ಗುಂಪಾಗಿ ಇರಬಹುದು. ಟೆಸ್ಟ್ ಪಾಸ್ ಅಂದ್ರ ತೆಗೆದ ಮಾದರಿಯಲ್ಲಿ ಸಿಗಲಿಲ್ಲ ಅಂತ ಅಷ್ಟೇ ಅರ್ಥ.

(3/4)
ಈಗ ಅಡುಗೆ ಮನೆಗೆ ಬರ್ರಿ. ಒಣ ಪುಡಿಯಲ್ಲಿ ಇದು ಬೆಳೆಯೋದಿಲ್ಲ, ಆದರೆ ಸಾಯೋದೂ ಇಲ್ಲ. ವರ್ಷ ದಾಟಿಯೂ ಜೀವ ಹಿಡ್ಕೊಂಡು ಕೂತಿರಬಲ್ಲದು. ನೀರು ಬಿದ್ದ ಕೂಡಲೇ ಏಳ್ತದ. ಪ್ರಯೋಗಾಲಯದ ಲೆಕ್ಕದಲ್ಲಿ 23 ಡಿಗ್ರಿಯಲ್ಲಿ ಸುಮಾರು 40 ನಿಮಿಷಕ್ಕೊಮ್ಮೆ ದುಪ್ಪಟ್ಟು ಆಗ್ತದ. ಎರಡು ತಾಸಿಗೆ ಒಂದು ಎಂಟಾಗ್ತದ, ಏಳು ತಾಸು ತುಂಬೋದರೊಳಗ ಸಾವಿರ ದಾಟ್ತದ. ಇನ್ನ ಇದಕ್ಕೆ ಬಹಳ ಇಷ್ಟದ ಶಾಖ 37ರಿಂದ 43 ಡಿಗ್ರಿ. ನಮ್ಮ ಕಲಬುರಗಿ ಮೇ ತಿಂಗಳು ಬೇರೆ ಏನ್ರಿ?

"ನೀರು ಕುದಿಸಿ, ಆರಿಸಿ, ಉಗುರುಬೆಚ್ಚಗಾದ ಮೇಲೆ ಪುಡಿ ಹಾಕು" ಅಂತ ಎಲ್ಲರೂ ಹೇಳ್ತಾರ. ಇಲ್ಲೇ ಎಡವಟ್ಟು. ಕುದ್ದದ್ದು ನೀರು, ಪುಡಿ ಅಲ್ಲ. ಉಗುರುಬೆಚ್ಚಗಿನ ನೀರು ಪುಡಿಯಲ್ಲಿರೋ ಬ್ಯಾಕ್ಟೀರಿಯಾ ಕೊಲ್ಲೋದಿಲ್ಲ, ಅದಕ್ಕೆ ಜಳಕ ಮಾಡಿಸ್ತದ.

2007ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳೋದು ಹಿಂಗ:
▪️ ಕೈ ತೊಳ್ಕೊಂಡು, ಪಾತ್ರೆ-ಬಾಟಲಿ ತೊಳೆದು ಕುದಿಸ್ರಿ. ಬಾಟಲಿಗಿಂತ ಬಟ್ಟಲು ಸ್ವಚ್ಛ ಮಾಡೋದು ಸುಲಭ.
▪️ ಪುಡಿ ಹಾಕುವಾಗ ನೀರು 70 ಡಿಗ್ರಿಗಿಂತ ಕಮ್ಮಿ ಇರಬಾರದು. ಥರ್ಮಾಮೀಟರ್ ಇಲ್ಲ ಅಂದ್ರ, ಒಂದು ಲೀಟರ್ ನೀರು ಕುದಿಸಿ ಇಳಿಸಿದ ಮೇಲೆ ಅರ್ಧ ತಾಸಿನೊಳಗ ಬಳಸ್ರಿ. ಒಂದು ಲೋಟ ನೀರಾದ್ರ ಲಗೂನೇ ಆರ್ತದ, ನೆನಪಿರಲಿ.
▪️ ಅಳತೆ ಚಮಚ ಒಣಗಿರಲಿ, ಡಬ್ಬಿ ಮೇಲಿನ ಅಳತೆ ಬಿಟ್ಟು ಹೆಚ್ಚು-ಕಮ್ಮಿ ಬೇಡ.
▪️ ಕಲಸಿದ ಮೇಲೆ ಬಾಟಲಿಯನ್ನ ತಣ್ಣೀರಿನಲ್ಲಿ ಹಿಡಿದು ಆರಿಸ್ರಿ. ಮುಂಗೈ ಮೇಲೆ ಹನಿ ಹಾಕಿ ನೋಡದೆ ಕುಡಿಸಬ್ಯಾಡ್ರಿ, ಬಾಯಿ ಸುಡ್ತದ.
▪️ ಎರಡು ತಾಸಿನೊಳಗ ಕುಡಿಯದೆ ಉಳಿದದ್ದು ಚೆಲ್ಲಿಬಿಡ್ರಿ.

(4/4)
ಇದಕ್ಕೆ ಆಕ್ಷೇಪ ಅವ, ಅವೂ ಕೇಳಬೇಕಾದವೇ. ಬಿಸಿ ನೀರಿಗೆ ವಿಟಮಿನ್ ಸಿ ಸ್ವಲ್ಪ ಕಮ್ಮಿ ಆಗ್ತದ, ಪುಡಿ ಗಂಟು ಕಟ್ಟಬಹುದು, ಪ್ರೋಬಯಾಟಿಕ್ ಹಾಕಿದ ಪುಡಿಯಾದ್ರ ಆ ಒಳ್ಳೆ ಬ್ಯಾಕ್ಟೀರಿಯಾನೂ ಸಾಯ್ತದ. ಹಂಗಾಗಿ ಡಬ್ಬಿ ಮೇಲೆ ಬೇರೆ ಶಾಖ ಬರೆದಿದ್ದರೆ ಡಾಕ್ಟರನ್ನ ಕೇಳ್ರಿ, ಮುಖ್ಯವಾಗಿ ಎರಡು ತಿಂಗಳೊಳಗಿನ ಕೂಸಿಗೆ. ಆದರೆ ನಷ್ಟ-ಲಾಭ ಎರಡೂ ತೂಗಿ ನೋಡಿಯೇ ತಜ್ಞರು 70 ಅಂದಿದ್ದು. ಕಮ್ಮಿಯಾದ ವಿಟಮಿನ್ ಮತ್ತೆ ಕೊಡಬಹುದು.

ಎದೆಹಾಲಿಗೆ ಸಮ ಯಾವುದೂ ಇಲ್ಲ, ಆ ಮಾತಿನಲ್ಲಿ ಎರಡಿಲ್ಲ. ಶಿಶು ಹಾಲಿನ ಪುಡಿಯ ಜಾಹೀರಾತನ್ನ 1992ರ ಕಾಯ್ದೆ ನಿಷೇಧಿಸಿದ್ದೂ ಸರಿಯೇ. ಆದರೆ ಮಾರಬ್ಯಾಡ್ರಿ ಅಂದ್ರ ಸುರಕ್ಷತೆಯ ಮಾತೂ ಆಡಬ್ಯಾಡ್ರಿ ಅಂತಲ್ಲ. ಹಾಲು ಸಾಲದ ಬಾಣಂತಿ, ತಾಯಿ ಇಲ್ಲದ ಕೂಸು, ಐಸಿಯುನಲ್ಲಿರೋ ತಾಯಿ, ಇವರಿಗೆ ಪುಡಿ ಬೇಕೇ ಆಗ್ತದ. ಅವರನ್ನ ಕೂಡಿಸಿ ಎದೆಹಾಲಿನ ಉಪದೇಶ ಕೊಟ್ಟರೆ ಕೂಸಿನ ಹೊಟ್ಟೆ ತುಂಬೋದಿಲ್ಲ. ಹೆಂಗ ಕಲಸಬೇಕು ಅನ್ನೋದನ್ನ ಹೇಳಿಕೊಡೋದು ಅವರಿಗೆ ಮಾಡೋ ಮರ್ಯಾದೆ.

ಎಮ್ಮೆ ಹಾಲಿನಿಂದ ಕೂಸಿನ ಪುಡಿ ಮಾಡೋ ವಿಧಾನ ರೂಪಿಸಿದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ. ಅದನ್ನ ಅಮುಲ್ ತಯಾರಿಸಿತು. ಪುಡಿ ಮಾಡೋ ವಿದ್ಯೆ ಕನ್ನಡ ನಾಡಿನಲ್ಲೇ ಹುಟ್ಟಿತು. ಕಲಸೋ ವಿದ್ಯೆ ಕನ್ನಡದಾಗ ಇನ್ನೂ ಮನೆಮನೆಗೆ ಮುಟ್ಟಬೇಕು. ಡಬ್ಬಿ ಮೇಲೆ ದೊಡ್ಡ ಕನ್ನಡ ಅಕ್ಷರದಾಗ "ನೀರು 70 ಡಿಗ್ರಿ, ಎರಡು ತಾಸಿನೊಳಗ ಕುಡಿಸಿ" ಅಂತ ಇರಬೇಕು. ಬಾಣಂತಿ ವಾರ್ಡಿನ ಗೋಡೆ ಮೇಲೆ ಚಿತ್ರ ಸಮೇತ ಇರಬೇಕು. ಕಮಲಾಪುರದ ಮೆಡಿಕಲ್ ಅಂಗಡಿಯಲ್ಲಿ ಡಬ್ಬಿ ಕೊಡೋ ಕೈ ಇದನ್ನ ಬಾಯಿಬಿಟ್ಟು ಹೇಳಬೇಕು.

ಅದೆಲ್ಲ ಆಗೋ ತನಕ ನೀವೇ ಹೇಳ್ರಿ. ಅಕ್ಕಗ, ವೈನಿಗ, ಕೂಸಿಗೆ ಹಾಲು ಕುಡಿಸೋ ಅಜ್ಜಿಗೆ. ಮತ್ತ ಒಂದು ಮಾತು: ಎಳೇ ಕೂಸಿಗೆ ಜ್ವರ ಬಂದ್ರ, ಹಾಲು ಬಿಟ್ಟರೆ, ಮಂಕಾದರೆ ನಾಳೆ ನೋಡೋಣ ಅನಬ್ಯಾಡ್ರಿ, ಆ ಹೊತ್ತಿಗೇ ದವಾಖಾನೆಗೆ ಕರ್ಕೊಂಡು ಹೋಗ್ರಿ.

#ಹಾಲಿನಮಾತು #ಕೂಸಿನಹಾಲು #ಕಲಬುರಗಿ #ಕಮಲಾಪುರ