ಮಗು ಬರೆದುದನ್ನು ಓದುವವರು ಯಾರು?

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಶಿಕ್ಷಣ ನೀಡುವ ಹೆತ್ತವರು ಗಣಿತ, ವಿಜ್ಞಾನಗಳನ್ನು ಹೇಗೋ ನಿಭಾಯಿಸುತ್ತಾರೆ. ಎಡವುವುದು ಬರವಣಿಗೆಯಲ್ಲಿ. ಲೆಕ್ಕದ ಉತ್ತರ ಸರಿಯೋ ತಪ್ಪೋ ಎಂದು ಪುಸ್ತಕದ ಕೊನೆಯ ಪುಟವೇ ಹೇಳುತ್ತದೆ. ಪ್ರಬಂಧ ಹೇಗಿದೆಯೆಂದು ಹೇಳಲು ಓದುವವರೊಬ್ಬರು ಬೇಕು. ಆದ್ದರಿಂದಲೇ ಆನ್‌ಲೈನ್ ತರಗತಿಗಳತ್ತ ಅವರ ಚಿತ್ತ ಹರಿಯುತ್ತದೆ.

ಇದು ತಪ್ಪೆಂದು ನಾವು ಹೇಳಲಾರೆವು. ಓದುವ ಅವಕಾಶದಿಂದ ಸ್ವತಃ ವಂಚಿತಳಾದ ತಾಯಿಯೊಡನೆ ಮಗುವಿನ ಪ್ರಬಂಧ ತಿದ್ದೆಂದು ಹೇಳುವುದು ನ್ಯಾಯವಲ್ಲ. ಆದರೆ ಶುಲ್ಕ ಪಾವತಿಸಿದೊಡನೆ ಹೆತ್ತವರ ಹೊಣೆ ಮುಗಿಯಿತೇ? ನೂರಾರು ಮಕ್ಕಳು ಏಕಕಾಲದಲ್ಲಿ ವೀಕ್ಷಿಸುವ ಪಾಠದಿಂದ ಬರವಣಿಗೆಯ ನಿಯಮಗಳನ್ನು ತಿಳಿಯಬಹುದು, ಬರೆಯಲು ಕಲಿಯುವುದು ಕಷ್ಟ. ಸೇರಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಮಗು ಬರೆದುದನ್ನು ಓದಿ, ತಿದ್ದಿ, ಮತ್ತೆ ಬರೆಸುವವರು ಯಾರು?

ಇಂತಹ ಮಕ್ಕಳಲ್ಲಿ ಅನೇಕರು ಮುಂದೆ ಎದುರಿಸುವುದು, 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿಯ ಪರೀಕ್ಷೆಯನ್ನು. ಅಲ್ಲಿ ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟ್‌ಗೆ ಶೇ. 20ರಷ್ಟು ಅಂಕಗಳಿವೆ. ಅದನ್ನು ಇನ್ನೊಬ್ಬರಿಂದ ಬರೆಸಿ ಒಪ್ಪಿಸುವ ಆಮಿಷ ಯಾರಿಗೂ ಬರಬಹುದು. ಆದರೆ ಪರೀಕ್ಷಾ ಕೇಂದ್ರದಲ್ಲಿ ಮಗುವಿನ ಜೊತೆಗಿರುವುದು ಲೇಖನಿ ಮತ್ತು ಖಾಲಿ ಹಾಳೆ ಮಾತ್ರ.

ತರಗತಿಗೆ ಸೇರಿಸಿ ಅಥವಾ ಸೇರಿಸದಿರಿ. ದಿನಕ್ಕೊಂದು ಪುಟ ಬರೆಸಿ, ಗಟ್ಟಿಯಾಗಿ ಓದಿಸಿ, ಅರ್ಥವಾಗದೆಡೆ ತಡೆದು ಪ್ರಶ್ನಿಸಿ. ಅಕ್ಷರ ಬಾರದ ತಾಯಿಯೂ ಇದನ್ನು ಮಾಡಬಲ್ಲಳು. ಹೆತ್ತವರೇ ಕಿವಿಗೊಡದ ಮನೆಯಲ್ಲಿ ಯಾವ ತರಗತಿ ತಾನೇ ಏನು ಮಾಡೀತು?