ಹೆಸರು ನೋಡಿ ತಕ್ಕಡಿ ಬಾಗದಿರಲಿ

2024ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ನಡೆದ ಮುಷ್ಟಿಕಾಳಗವೊಂದು ಬಹಳ ಹಳೆಯ ಚರ್ಚೆಯೊಂದಕ್ಕೆ ಮತ್ತೆ ಜೀವ ಕೊಟ್ಟಿತು. ಲೈಟ್ ಹೆವಿವೇಯ್ಟ್, ಅಂದರೆ 175 ಪೌಂಡ್ ಮೀರದವರ ವಿಭಾಗದ ನಾಲ್ಕೂ ವಿಶ್ವ ಪಟ್ಟಗಳು ಅಂದು ದಾಗೆಸ್ತಾನದಲ್ಲಿ ಹುಟ್ಟಿದ ಚೆಚೆನ್ ಮುಸ್ಲಿಮ್ ಅರ್ತುರ್ ಬೆತೆರ್ಬಿಯೇವ್‌ರ ಪಾಲಾದುವು. ಅದಕ್ಕೆ ಮುನ್ನ ಅವರು ಆಡಿದ್ದ 20 ವೃತ್ತಿಪರ ಪಂದ್ಯಗಳಲ್ಲಿ ಒಬ್ಬ ಎದುರಾಳಿಯೂ ಕೊನೆಯ ಗಂಟೆ ಬಾರಿಸುವ ತನಕ ನಿಂತಿರಲಿಲ್ಲ. ನಾಲ್ಕು ತಿಂಗಳ ಬಳಿಕ, 2025ರ ಫೆಬ್ರವರಿಯಲ್ಲಿ, ಅದೇ ನಗರದಲ್ಲಿ ದ್ಮಿತ್ರಿ ಬಿವೊಲ್ ಆ ಪಟ್ಟಗಳನ್ನು ಅವರಿಂದ ಗೆದ್ದುಕೊಂಡರು. ಹಾಗಾದರೆ ಈ ವಿಭಾಗದ ಸಾರ್ವಕಾಲಿಕ ಶ್ರೇಷ್ಠ ಯಾರು?

ಇಂತಹ ಪ್ರಶ್ನೆ ಬಂದಾಗ ನಮ್ಮಲ್ಲಿ ಅನೇಕರ ದೃಷ್ಟಿ ಮೊದಲು ಹೋಗುವುದು ಹೆಸರಿನ ಕಡೆಗೆ. ಮುಹಮ್ಮದ್ ಎಂದಿದ್ದರೆ ಅವರು ನಮ್ಮವರು, ನಮ್ಮವರಾದುದರಿಂದ ಶ್ರೇಷ್ಠರು. ಮುಹಮ್ಮದ್ ಅಲಿಯವರ ಮೇಲಿನ ಪ್ರೀತಿ ನಮ್ಮ ಮನೆಗಳಲ್ಲಿ ಇಂದಿಗೂ ಬತ್ತಿಲ್ಲ. (1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹದಿನೆಂಟರ ಆ ತರುಣ ಚಿನ್ನ ಗೆದ್ದದ್ದೂ ಲೈಟ್ ಹೆವಿವೇಯ್ಟ್ ವಿಭಾಗದಲ್ಲಿಯೇ ಎಂಬುದು ಹಲವರಿಗೆ ತಿಳಿದಿರಲಾರದು.) ಪ್ರೀತಿ ತಪ್ಪಲ್ಲ. ಆದರೆ ತೂಗಲು ಕುಳಿತವನು ತಕ್ಕಡಿಯನ್ನು ನೆಟ್ಟಗೆ ಹಿಡಿಯಬೇಕು. ಸ್ವಂತದವರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂದು ಕಲಿಸಲ್ಪಟ್ಟ ಸಮುದಾಯ ನಮ್ಮದು. ಆ ಪಾಠ ನ್ಯಾಯಾಲಯಕ್ಕೆ ಮಾತ್ರ, ಆಟದ ಮಾತಿಗೆ ಅನ್ವಯಿಸದು ಎನ್ನಲಾಗದು.

ಈ ಕ್ರೀಡೆಯ ಕುರಿತೇ ಒಂದು ಮಾತನ್ನು ಇಲ್ಲಿ ಹೇಳಿಬಿಡಬೇಕು. ಮುಖಕ್ಕೆ ಹೊಡೆಯುವುದನ್ನು ಪ್ರವಾದಿ(ಸ)ರವರು ನಿಷೇಧಿಸಿದ್ದಾರೆ. ಮಕ್ಕಾದ ಫಿಕ್‌ಹ್ ಪರಿಷತ್ತು 1987ರಲ್ಲಿ ಮುಷ್ಟಿಕಾಳಗವು ಧರ್ಮಸಮ್ಮತವಲ್ಲವೆಂದು ತೀರ್ಪಿತ್ತಿತು. ಹೀಗಿದ್ದೂ ನಾವು ಇದರ ಬಗ್ಗೆ ಬರೆಯುತ್ತಿರುವುದೇಕೆಂದರೆ, ಈ ಕಣಕ್ಕೆ ಇಳಿದವರಲ್ಲಿ ಹೆಚ್ಚಿನವರನ್ನು ಅಲ್ಲಿಗೆ ತಂದದ್ದು ಬಡತನ. ಅವರ ಬದುಕಿನಲ್ಲಿ ನಾವು ಓದಬೇಕಾದ ಸಂಗತಿಗಳಿವೆ.

ಬೇರೆ ಬೇರೆ ಕಾಲದವರನ್ನು ಹೋಲಿಸುವಾಗ ಅಳತೆಗೋಲೇ ಬದಲಾಗಿರುತ್ತದೆ. ಹಿಂದೆ ಪಂದ್ಯದ ದಿನವೇ ತೂಕ ಹಾಕುತ್ತಿದ್ದರು. ಇಂದು ಹಿಂದಿನ ದಿನ ತೂಗುವುದರಿಂದ, ನೀರು ಬಿಟ್ಟು ತೂಕ ಇಳಿಸಿದವನು ಮರುದಿನ ಹಲವು ಪೌಂಡ್ ಹೆಚ್ಚಿ ಕಣಕ್ಕೆ ಬರುತ್ತಾನೆ. ಹಿಂದೆ ಪಟ್ಟದ ಪಂದ್ಯಕ್ಕೆ 15 ಸುತ್ತುಗಳು. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ ಪೆಟ್ಟು ತಿಂದು ಅಸುನೀಗಿದ ಬಳಿಕ ಅದು ಕ್ರಮೇಣ 12ಕ್ಕೆ ಇಳಿಯಿತು. ಇಂದಿನ ಚಾಂಪಿಯನ್ ಇಪ್ಪತ್ತು ಚಿಲ್ಲರೆ ಪಂದ್ಯ ಆಡಿರುತ್ತಾನೆ. ಆರ್ಚೀ ಮೂರ್ ಆಡಿದ್ದು 200ರ ಆಸುಪಾಸು, ಅವುಗಳಲ್ಲಿ 130ಕ್ಕೂ ಹೆಚ್ಚು ನಾಕೌಟ್ ಗೆಲುವುಗಳು. ಇವೆಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ: ಪಟ್ಟದ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ತೆರೆಯಲಿಲ್ಲ?

ಸೆನೆಗಲ್‌ನಲ್ಲಿ ಹುಟ್ಟಿ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿದ ಬ್ಯಾಟ್ಲಿಂಗ್ ಸಿಕಿ 1922ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚರ ಕಣ್ಮಣಿ ಜಾರ್ಜ್ ಕಾರ್ಪಾಂತಿಯೇರನ್ನು ಆರನೇ ಸುತ್ತಿನಲ್ಲಿ ಕೆಡವಿದರು. ರೆಫರಿ ತಕ್ಷಣ ಸಿಕಿಯವರನ್ನೇ ಅನರ್ಹರೆಂದು ಸಾರಿದರು! ಆಮೇಲೆ ತೀರ್ಪುಗಾರರು ಅದನ್ನು ತಿದ್ದಬೇಕಾಯಿತು. ಮೂರೇ ವರ್ಷಗಳಲ್ಲಿ ನ್ಯೂಯಾರ್ಕಿನ ಬೀದಿಯೊಂದರಲ್ಲಿ ಅವರು ಗುಂಡೇಟಿಗೆ ಬಲಿಯಾದರು.

ಎಝರ್ಡ್ ಚಾರ್ಲ್ಸ್‌ರದು ಇದಕ್ಕಿಂತ ಸದ್ದಿಲ್ಲದ ಅನ್ಯಾಯ. ಸಿನ್ಸಿನಾಟಿಯ ಈ ಕರಿಯ ಯುವಕ 1946, 1947 ಮತ್ತು 1948ರಲ್ಲಿ ಮೂರು ಸಲ ಆರ್ಚೀ ಮೂರ್‌ರನ್ನು ಸೋಲಿಸಿದರು. ಮುಂದೆ ಲೈಟ್ ಹೆವಿವೇಯ್ಟ್ ಪಟ್ಟವೇರಿದ ಜೋಯ್ ಮ್ಯಾಕ್ಸಿಮ್‌ರನ್ನೂ ಹಲವು ಸಲ ಮಣಿಸಿದರು. ಆದರೆ ಆ ಪಟ್ಟಕ್ಕಾಗಿ ಸೆಣಸುವ ಅವಕಾಶ ಅವರಿಗೆ ಒಮ್ಮೆಯೂ ಸಿಗಲಿಲ್ಲ. ಆಗ ಪಟ್ಟ ಗಸ್ ಲೆಸ್ನೆವಿಚ್‌ರ ಕೈಯಲ್ಲಿತ್ತು. ಚಾರ್ಲ್ಸ್ ಬೇಸತ್ತು ತಮಗಿಂತ ಭಾರದವರ ನಡುವೆ ಹೋಗಿ 1949ರಲ್ಲಿ ಹೆವಿವೇಯ್ಟ್ ಚಾಂಪಿಯನ್ ಆದರು. ಅದೇ ವರ್ಷ ಎದುರಿಗೆ ಬಂದ ಲೆಸ್ನೆವಿಚ್‌ರನ್ನು ಏಳು ಸುತ್ತುಗಳಲ್ಲಿ ಮುಗಿಸಿ ಕಳುಹಿಸಿದರು. ಲೈಟ್ ಹೆವಿವೇಯ್ಟ್ ಚಾಂಪಿಯನ್ನರ ಅಧಿಕೃತ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೂ ಚಾರ್ಲ್ಸ್ ಹೆಸರು ಸಿಗುವುದಿಲ್ಲ. ಪಟ್ಟಿಯನ್ನೇ ಪ್ರಮಾಣವೆಂದು ನಂಬುವವರು ಇದಕ್ಕೇನು ಹೇಳುತ್ತಾರೆ?

ಮೂರ್‌ರಿಗೂ ಬಾಗಿಲು ತೆರೆದದ್ದು 1952ರ ಡಿಸೆಂಬರ್‌ನಲ್ಲಿ, ಮೂವತ್ತೈದು ದಾಟಿದ ಮೇಲೆ. ಅಂದು ಸೋತ ಮ್ಯಾಕ್ಸಿಮ್‌ಗೆ ಸಿಕ್ಕಿದ್ದು ಒಂದು ಲಕ್ಷ ಡಾಲರ್, ಗೆದ್ದ ಮೂರ್‌ಗೆ 800 ಡಾಲರ್. ಆದರೂ ಅವರು ಆ ಪಟ್ಟವನ್ನು ಸುಮಾರು ಒಂಬತ್ತು ವರ್ಷ ಬಿಟ್ಟುಕೊಡಲಿಲ್ಲ. 1958ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲ ಸುತ್ತಿನಲ್ಲೇ ಮೂರು ಸಲ ನೆಲಕ್ಕುರುಳಿಯೂ ಹನ್ನೊಂದನೇ ಸುತ್ತಿನಲ್ಲಿ ಗೆದ್ದರು.

1968ರಿಂದ 1974ರ ತನಕ ಆಳಿದ ಬಾಬ್ ಫಾಸ್ಟರ್ 14 ಸಲ ಪಟ್ಟ ಉಳಿಸಿಕೊಂಡರು. ಎಡಗೈ ಹೊಡೆತದಲ್ಲಿ ಅವರಿಗೆ ಸಾಟಿಯಿರಲಿಲ್ಲ, ಆದರೆ ಅವರ ಕಾಲದ ಎದುರಾಳಿಗಳು ಅಷ್ಟು ಗಟ್ಟಿಗರಾಗಿರಲಿಲ್ಲ.

ಗಟ್ಟಿಗರು ಒಟ್ಟಿಗೆ ಬಂದದ್ದು ಅನಂತರ, 1980ರ ಸುಮಾರಿಗೆ. ನಮ್ಮ ಓದುಗರು ತಿಳಿಯಬೇಕಾದ ಮೂವರು ಇರುವುದು ಇಲ್ಲಿ. ಮೂವರೂ ಇಸ್ಲಾಮ್ ಸ್ವೀಕರಿಸಿದ ಕರಿಯ ಅಮೆರಿಕನ್ನರು. ಮೊದಲನೆಯವರು ಫಿಲಡೆಲ್ಫಿಯಾದ ಮ್ಯಾಥ್ಯೂ ಸಾದ್ ಮುಹಮ್ಮದ್. ಮಗುವಾಗಿದ್ದಾಗ ಮನೆಯವರು ಅವರನ್ನು ಬೀದಿಯಲ್ಲಿ ಬಿಟ್ಟು ಹೋದರು. ಕ್ರೈಸ್ತ ಸನ್ಯಾಸಿನಿಯರ ಆಸರೆ ಸಿಕ್ಕಿತು. ಬಿಟ್ಟು ಹೋದ ಬೆಂಜಮಿನ್ ಫ್ರಾಂಕ್ಲಿನ್ ರಸ್ತೆಯ ಹೆಸರೇ ಅನಾಥನ ಹೆಸರಿನ ಭಾಗವಾಗಿ ಅವರು ಮ್ಯಾಥ್ಯೂ ಫ್ರಾಂಕ್ಲಿನ್ ಆದರು. 1979ರಲ್ಲಿ ಚಾಂಪಿಯನ್ ಆದ ಮೇಲೆ ಆ ಹೆಸರನ್ನು ಬಿಟ್ಟರು. 1980ರಲ್ಲಿ ಯಾಕಿ ಲೋಪೆಝ್‌ರ ವಿರುದ್ಧ ಎಂಟನೇ ಸುತ್ತಿನಲ್ಲಿ ಇಪ್ಪತ್ತರಷ್ಟು ಹೊಡೆತಗಳನ್ನು ಒಂದೇ ಸಮನೆ ತಿಂದೂ ಬೀಳದೆ, ಹದಿನಾಲ್ಕನೇ ಸುತ್ತಿನಲ್ಲಿ ಗೆದ್ದರು. ಎರಡನೆಯವರು ಬ್ರೂಕ್ಲಿನ್‌ನ ಎಡ್ಡೀ ಮುಸ್ತಫಾ ಮುಹಮ್ಮದ್. ಮುಂದೆ ತರಬೇತುದಾರರಾಗಿ, ಬಾಕ್ಸರುಗಳಿಗೊಂದು ಕಾರ್ಮಿಕ ಸಂಘ ಬೇಕೆಂದು ಹೋರಾಡಿದವರು. ಮೂರನೆಯವರು ಡ್ವೈಟ್ ಮುಹಮ್ಮದ್ ಖವಿ. ದರೋಡೆಗಾಗಿ ನ್ಯೂಜೆರ್ಸಿಯ ರಾಹ್ವೇ ಜೈಲಿನಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಇದ್ದು, ಅಲ್ಲಿಯೇ ಮುಷ್ಟಿಯುದ್ಧ ಕಲಿತರು. 1981ರ ಡಿಸೆಂಬರ್‌ನಲ್ಲಿ ಸಾದ್ ಮುಹಮ್ಮದ್‌ರನ್ನು ಕೆಡವಿ ಪಟ್ಟ ಪಡೆದರು. ಅನಂತರ ಮದ್ಯ ಮತ್ತು ಮಾದಕವ್ಯಸನಿಗಳ ಸಲಹೆಗಾರರಾಗಿ ದುಡಿದು, 2025ರಲ್ಲಿ ನಿಧನರಾದರು.

ಈ ಮೂವರಲ್ಲಿ ಒಬ್ಬರನ್ನು ಸರ್ವಶ್ರೇಷ್ಠರೆನ್ನಲು ಯಾರ ಮನಸ್ಸು ತವಕಿಸದು? ಆದರೆ ಸತ್ಯ ಬೇರೆಯಿದೆ. ಮೈಕೆಲ್ ಸ್ಪಿಂಕ್ಸ್ 1981ರಲ್ಲಿ ಮುಸ್ತಫಾರನ್ನು, 1983ರಲ್ಲಿ ಖವಿಯವರನ್ನು, ಎರಡೂ ಸಲ ಪೂರ್ಣ 15 ಸುತ್ತುಗಳ ಹೋರಾಟದಲ್ಲಿ ಸೋಲಿಸಿದರು. ಈ ವಿಭಾಗದಲ್ಲಿ ಅವರು ಸೋತದ್ದೇ ಇಲ್ಲ. 1985ರಲ್ಲಿ ಲ್ಯಾರಿ ಹೋಮ್ಸ್‌ರನ್ನು ಸೋಲಿಸಿ, ಹೆವಿವೇಯ್ಟ್ ಪಟ್ಟ ಗೆದ್ದ ಮೊದಲ ಲೈಟ್ ಹೆವಿವೇಯ್ಟ್ ಚಾಂಪಿಯನ್ ಎನಿಸಿದರು. ನಮ್ಮ ತಕ್ಕಡಿಯಲ್ಲಿ ಪಟ್ಟವೇ ಇಲ್ಲದ ಚಾರ್ಲ್ಸ್ ಮೊದಲು, ಮೂರ್ ಮತ್ತು ಸ್ಪಿಂಕ್ಸ್ ಅವರ ಹಿಂದೆ. ಬೆತೆರ್ಬಿಯೇವ್ ಮತ್ತು ಬಿವೊಲ್‌ರನ್ನು ತೂಗಲು ಇನ್ನೂ ಕಾಲವಿದೆ.

ಹೀಗೆ ತೂಗಿದರೆ ಸಾದ್ ಮುಹಮ್ಮದ್ ಕೆಳಗಿಳಿಯುತ್ತಾರೆ. ಆದರೆ ಅವರ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಸ್ಥಾನದ್ದಲ್ಲ. ಎಂಟು ಸಲ ಪಟ್ಟ ಉಳಿಸಿಕೊಂಡು ಲಕ್ಷಾಂತರ ಡಾಲರ್ ಗಳಿಸಿದ ಆ ವ್ಯಕ್ತಿಯ ಸುತ್ತ ಗೆಲುವಿನ ದಿನಗಳಲ್ಲಿ ನೆರೆದಿದ್ದ ಜನರು ಹಣ ಕರಗುತ್ತಿದ್ದಂತೆ ಚದುರಿದರು. 2010ರಲ್ಲಿ ಅವರು ತಾವು ಬಾಲ್ಯದಲ್ಲಿ ಪರಿತ್ಯಕ್ತರಾದ ಅದೇ ಫಿಲಡೆಲ್ಫಿಯಾದಲ್ಲಿ ನಿರ್ಗತಿಕರ ಆಶ್ರಯ ಕೇಂದ್ರದ ಬಾಗಿಲು ತಟ್ಟಿದರು. ಚಾಂಪಿಯನ್ನನ ಹೆಸರನ್ನು ಹೆಮ್ಮೆಯಿಂದ ಎಣಿಸಿಕೊಂಡ ಜಗತ್ತಿನ ಮುಸ್ಲಿಮರಾದ ನಮಗೆ ಅದು ಸುದ್ದಿಯೂ ಆಗಲಿಲ್ಲ. ಅವರಾದರೋ ಅದನ್ನು ಬಚ್ಚಿಡದೆ, ಮನೆಯಿಲ್ಲದವರ ಪರವಾಗಿ ಬಹಿರಂಗವಾಗಿ ಮಾತನಾಡತೊಡಗಿದರು. 2014ರ ಮೇ ತಿಂಗಳಲ್ಲಿ, 59ರ ವಯಸ್ಸಿನಲ್ಲಿ, ನರಗಳು ಸೋತು ಸ್ನಾಯುಗಳು ಸೊರಗುವ ಕಾಯಿಲೆಯಿಂದ ತೀರಿಕೊಂಡರು. 1975ರಲ್ಲಿ ಎಝರ್ಡ್ ಚಾರ್ಲ್ಸ್‌ರನ್ನು ಕೊಂಡೊಯ್ದದ್ದೂ ಅದೇ ಕಾಯಿಲೆ.