ಮೇಜಿನ ಮೇಲಣ ಶ್ರೀರಂಗಪಟ್ಟಣ

ಇಂಗ್ಲೆಂಡಿನಲ್ಲಿ ವಯಸ್ಸಾದ ಗೃಹಸ್ಥರು, ವಕೀಲರು, ವೈದ್ಯರು, ಉಪಾಧ್ಯಾಯರು ರಜಾದಿನಗಳಲ್ಲಿ ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಸಿಪಾಯಿ ಬೊಂಬೆಗಳನ್ನು ಮೇಜಿನ ಮೇಲೆ ಸಾಲುಗಟ್ಟಿಸಿ, ದಾಳಗಳನ್ನುರುಳಿಸಿ, ಅಳತೆಪಟ್ಟಿಯಿಂದ ಅಂಗುಲಗಳನ್ನೆಣಿಸಿ ಯುದ್ಧಮಾಡುವರೆಂದು ಹೇಳಿದರೆ ನಮ್ಮ ವಾಚಕರಲ್ಲಿ ಅನೇಕರು ನಗುವರು. ಆ ಯುದ್ಧಗಳಲ್ಲಿ ಕೆಲವು ನಮ್ಮ ಶ್ರೀರಂಗಪಟ್ಟಣದವು, ಪೊಲ್ಲಿಲೂರಿನವು ಎಂದು ಹೇಳಿದರೆ ಅದೇ ವಾಚಕರು ಮುನಿಯುವರು. ನಮ್ಮ ಅಭಿಪ್ರಾಯದಲ್ಲಿ ಆ ನಗೆಯೂ ಅವಸರದ್ದು, ಆ ಮುನಿಸೂ ಅವಸರದ್ದು.

ಆಟದ ಸ್ವರೂಪವನ್ನು ಮೊದಲು ತಿಳಿಸುವೆವು. ಆರಡಿ ಉದ್ದ, ನಾಲ್ಕಡಿ ಅಗಲದ ಒಂದು ಮೇಜು. ಅದರ ಮೇಲೆ ಹಸುರು ಹಾಸು. ಗುಡ್ಡ, ಹಳ್ಳ, ತೋಪು, ಊರುಗಳಿಗೆ ತಕ್ಕ ಮಾದರಿಗಳು. ಬೊಂಬೆಗಳು ತವರ ಬೆರೆತ ಲೋಹದವು, ಇಲ್ಲವೆ ಪ್ಲಾಸ್ಟಿಕ್ಕಿನವು. ಬಹಳವಾಗಿ ರೂಢಿಯಲ್ಲಿರುವುವು 28 ಮಿಲ್ಲಿಮೀಟರ್ ಎತ್ತರದವು. 15, 10, 6 ಮಿಲ್ಲಿಮೀಟರಿನವೂ ಉಂಟು. ಅಂಗಡಿಯಿಂದ ಬರುವಾಗ ಅವಕ್ಕೆ ಸಾಮಾನ್ಯವಾಗಿ ಬಣ್ಣವಿರದು. ಆಟಗಾರನೇ ಗ್ರಂಥಗಳನ್ನೂ ಚಿತ್ರಗಳನ್ನೂ ನೋಡಿ, ಇಂಥ ಪಟಾಲಮಿನ ಕಾಲರಿಗೆ ಇಂಥ ಬಣ್ಣವೆಂದು ನಿಶ್ಚಯಿಸಿ, ಸಣ್ಣ ಕುಂಚದಿಂದ ಒಂದೊಂದಕ್ಕೂ ಬಣ್ಣ ಹಚ್ಚಬೇಕು. ಹಚ್ಚದೆ ಪೆಟ್ಟಿಗೆಯಲ್ಲೇ ಉಳಿದವುಗಳ ರಾಶಿಗೆ ಅವರು ಸೀಸದ ಪರ್ವತವೆಂದು ಹಾಸ್ಯವಾಗಿ ಹೆಸರಿಟ್ಟಿರುವರು. ಓದುವೆವೆಂದು ಕೊಂಡು ಓದದೆ ಉಳಿಸಿದ ಪುಸ್ತಕಗಳ ಬೀರುವುಳ್ಳ ನಮ್ಮವರಿಗೆ ಈ ದೌರ್ಬಲ್ಯವು ಅಪರಿಚಿತವಲ್ಲ. ಕಾಲಾಳು ಇಷ್ಟು ಅಂಗುಲ, ಕುದುರೆ ಇಷ್ಟು ಅಂಗುಲ ನಡೆಯತಕ್ಕದ್ದೆಂದು ನಿಯಮಾವಳಿ ಹೇಳುವುದು. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳವು ಹೇಳುವುದು. ಅರ್ಧ ಜನ ಬಿದ್ದ ತಂಡವು ನಿಲ್ಲುವುದೋ ಓಡುವುದೋ ಎಂಬುದಕ್ಕೂ ಪರೀಕ್ಷೆಯುಂಟು; ಚದುರಂಗದಲ್ಲಿಲ್ಲದ ಭಯವೆಂಬ ವಸ್ತುವಿಗೆ ಇಲ್ಲಿ ಸ್ಥಾನವಿರುವುದು.

ಚದುರಂಗದ ಮಾತು ಬಂದುದರಿಂದ ಹೇಳುವೆವು. ಪದಾತಿ, ಅಶ್ವ, ಗಜ, ರಥಗಳೆಂಬ ಸೇನೆಯ ನಾಲ್ಕು ಅಂಗಗಳನ್ನು ಹಾಸಿನ ಮೇಲಿಟ್ಟು ಆಡಿದವರು ಭಾರತೀಯರೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ನಡುವೆ ಈ ಆಟಕ್ಕೂ ಸ್ಥಳ ದೊರೆತಿದೆ. ಆದರೆ ಇಷ್ಟನ್ನೇ ಹೇಳಿ ಮೀಸೆ ತಿರುವುವುದು ನಮಗೆ ಸರಿತೋರದು. ಚದುರಂಗವನ್ನು ನಾವು ಕೊಟ್ಟೆವು. ಅದರಿಂದ ಮುಂದೇನು ಮಾಡಬಹುದೆಂದು ಯೋಚಿಸಿದವರು ಜರ್ಮನರು. 1780ರಲ್ಲಿ ಹೆಲ್‌ವಿಗ್ ಎಂಬ ಬ್ರನ್ಸ್‌ವಿಕ್ಕಿನ ಪಂಡಿತನು ಚದುರಂಗದ ಮನೆಗಳನ್ನು ಹೆಚ್ಚಿಸಿ, ಅವುಗಳಲ್ಲಿ ಬೆಟ್ಟವನ್ನೂ ನೀರನ್ನೂ ಇಟ್ಟು, ಯುದ್ಧವಿದ್ಯೆಯನ್ನು ಕಲಿಸುವ ಆಟವನ್ನು ಪ್ರಕಟಿಸಿದನು. ಅದೇ 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೇಯ್ಲಿಯ ಸೇನೆಯನ್ನು ನಿರ್ನಾಮಮಾಡಿದರು. ಮುಂದೆ ಪ್ರಷ್ಯಾದೇಶದ ರೈಸ್ವಿಟ್ಸ್ ಎಂಬಾತನು 1812ರಲ್ಲಿ ತನ್ನ ದೊರೆಗೆ ಇಂಥದೊಂದು ಮೇಜನ್ನು ಒಪ್ಪಿಸಿದನು. ಅವನ ಮಗನು 1824ರಲ್ಲಿ ಅದನ್ನು ನಕ್ಷೆಯ ಮೇಲಕ್ಕೆ ತಂದನು. ಎರಡು ಪಕ್ಷದವರೂ ಮಧ್ಯಸ್ಥನಿಗೆ ಆಜ್ಞೆಗಳನ್ನು ಬರೆದು ಕೊಡುವರು. ಎದುರಾಳಿಯ ದಂಡಿನಲ್ಲಿ ಕಾಣತಕ್ಕಷ್ಟು ಮಾತ್ರ ಅವರಿಗೆ ಕಾಣುವುದು. ಅಲ್ಲಿಯ ದಂಡಿನ ಅಧಿಕಾರಿಗಳು ಇದನ್ನಾಡಿ ಕಲಿತರು. 1871ರಲ್ಲಿ ಫ್ರಾನ್ಸ್ ಸೋತ ಮೇಲೆ ಮಿಕ್ಕ ದೇಶಗಳವರಿಗೂ ಈ ಆಟದಲ್ಲಿ ಗೌರವ ಹುಟ್ಟಿತು.

ಅದು ಅಧಿಕಾರಿಗಳ ಆಟವಾಯಿತು. ಮನೆಯ ನೆಲಕ್ಕೆ ಅದನ್ನು ತಂದವರಲ್ಲಿ ಪ್ರಖ್ಯಾತನು ಗ್ರಂಥಕರ್ತ ಎಚ್. ಜಿ. ವೆಲ್ಸ್. 1913ರಲ್ಲಿ ಅವನು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಸೀಸದ ಸಿಪಾಯಿಗಳಿಗೂ ಮರದ ಗುಂಡು ಹಾರಿಸುವ ಆಟದ ಫಿರಂಗಿಗಳಿಗೂ ನಿಯಮಗಳನ್ನು ಬರೆದನು; ನಿಜವಾದ ಯುದ್ಧವೆಂಬುದು ಎಷ್ಟು ದೊಡ್ಡ ಅವಿವೇಕವೆಂಬುದನ್ನು ಈ ಆಟವೇ ತೋರಿಸಿಕೊಡುವುದೆಂದು ವಾದಿಸಿದನು. ಮರುವರ್ಷವೇ ಮಹಾಯುದ್ಧವು ಆರಂಭವಾಯಿತು. ಅವನ ವಾದವನ್ನು ಯಾವ ಮಂತ್ರಿಯೂ ಕೇಳಿದಂತೆ ತೋರಲಿಲ್ಲ. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಎಂಬ ಪುಸ್ತಕದಿಂದ ಈ ಹವ್ಯಾಸಕ್ಕೆ ಹೊಸ ಜೀವ ಬಂದಿತು. ಆತನು ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳ ದಳದಲ್ಲಿದ್ದವನು. 1967ರಲ್ಲಿ ‘ಚಾರ್ಜ್’ ಎಂಬ ಆಟದ ಪುಸ್ತಕವನ್ನು ಜೊತೆಗೂಡಿ ಬರೆದ ಬ್ರಿಗೇಡಿಯರ್ ಪೀಟರ್ ಯಂಗನು ಕಮಾಂಡೊ ದಳದ ನಾಯಕನಾಗಿದ್ದವನು. ರಕ್ತವನ್ನು ಕಂಡರಿಯದವರ ಚಪಲವಿದು ಎಂದು ಹಳಿಯುವವರು ಈ ಇಬ್ಬರನ್ನು ನೆನೆಯಬೇಕು.

ಇಂದು ಆ ದೇಶದಲ್ಲಿ ಈ ಆಟಕ್ಕೆಂದೇ ಜಾತ್ರೆಗಳು ಕೂಡುವುವು. ದಕ್ಷಿಣ ಲಂಡನ್ನಿನ ಹವ್ಯಾಸಿಗಳ ಸಂಘವೊಂದು 1972ರಲ್ಲಿ ಆರಂಭಿಸಿದ ‘ಸಲ್ಯೂಟ್’ ಎಂಬ ಮೇಳವು ಈಗ ಎಕ್ಸೆಲ್ ಎಂಬ ವಿಶಾಲವಾದ ಮಂಟಪದಲ್ಲಿ ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ ನಡೆಯುವುದು. ಸಾವಿರಗಟ್ಟಲೆ ಜನ ಸೇರುವರು. ನ್ಯೂವಾರ್ಕಿನಲ್ಲಿ ‘ಪಾರ್ಟಿಜಾನ್’ ಎಂಬುದೊಂದು. ಅದಕ್ಕೆ ಸಮೀಪದ ನಾಟಿಂಗ್ಯಾಮಿನ ಸುತ್ತ ಬೊಂಬೆ ಎರಕಹೊಯ್ಯುವ ಉದ್ಯಮಗಳು ಎಷ್ಟೊಂದು ನೆಲಸಿವೆಯೆಂದರೆ ಆ ಪ್ರಾಂತಕ್ಕೆ ಸೀಸದ ಸೀಮೆಯೆಂದೇ ಅಡ್ಡಹೆಸರು ಬಿದ್ದಿದೆ. ಮೇಳದ ಒಂದು ಭಾಗದಲ್ಲಿ ಅಂಗಡಿಗಳು, ಇನ್ನೊಂದು ಕಡೆ ಹಳೆಯ ಬೊಂಬೆಗಳನ್ನು ತಂದು ಮಾರಿ ಹೊಸವನ್ನು ಕೊಂಡೊಯ್ಯುವ ಕಟ್ಟೆ, ಬಣ್ಣಗಾರಿಕೆಗೆ ಸ್ಪರ್ಧೆ. ನಡುವೆ ಸಂಘಗಳವರು ತಿಂಗಳುಗಟ್ಟಲೆ ದುಡಿದು ನಿರ್ಮಿಸಿದ ರಣರಂಗಗಳು. ಕೆಲವನ್ನು ನೋಡಬಹುದು; ಕೆಲವಕ್ಕೆ ದಾರಿಯಲ್ಲಿ ಹೋಗುವವನೂ ಕುಳಿತು ಅರ್ಧ ಗಂಟೆ ಸೇನಾಪತಿಯಾಗಬಹುದು. ಲಂಡನ್ನಿಗೆ ಹೋದ ಕನ್ನಡಿಗರು ಅರಮನೆಯ ಕಾವಲುಗಾರರನ್ನು ನೋಡಿ ಬರುವುದುಂಟು. ಆ ಕಾಲದಲ್ಲಿ ಅಲ್ಲಿದ್ದರೆ ಈ ಮೇಳಕ್ಕೂ ಒಂದು ದಿನವನ್ನು ಮೀಸಲಿಡಲಿ. ಸರ್ಕಾರದ ಅನುದಾನವನ್ನು ಕಾಯದೆ, ಸಭಾಧ್ಯಕ್ಷರ ಭಾಷಣವಿಲ್ಲದೆ, ಗೃಹಸ್ಥರು ತಮ್ಮ ತಮ್ಮ ಹಣದಿಂದ ಚರಿತ್ರೆಯನ್ನು ಅಭ್ಯಾಸಮಾಡುವ ರೀತಿಯು ನೋಡತಕ್ಕದ್ದೇ.

ಇನ್ನು ಮುನಿಸಿನ ವಿಚಾರ. ನಮ್ಮ ಹಿರಿಯರು ಪ್ರಾಣಬಿಟ್ಟ ಕೋಟೆಯನ್ನು ಗೆದ್ದವರ ಮೊಮ್ಮಕ್ಕಳು ಆಟದ ವಸ್ತುವಾಗಿ ಮಾಡಿಕೊಂಡಿರುವರಲ್ಲಾ ಎಂಬ ನೋವು ಸಹಜವಾದುದು. ಆದರೆ ಅವಮಾನವು ಎಲ್ಲಿ ಅಡಗಿದೆಯೆಂಬುದನ್ನು ಸರಿಯಾಗಿ ಕಂಡುಹಿಡಿಯಬೇಕು. ಅದು ಬೊಂಬೆಯಲ್ಲಿಲ್ಲ, ನಿಯಮಾವಳಿಯ ಅಂಕಿಗಳಲ್ಲಿದೆ. ಪ್ರತಿಯೊಂದು ತಂಡಕ್ಕೂ ಶಿಸ್ತಿಗೆ ಇಷ್ಟು, ಧೈರ್ಯಕ್ಕೆ ಇಷ್ಟು, ಗುರಿಗೆ ಇಷ್ಟು ಎಂದು ಅಂಕಿ ಕೊಡುವರಷ್ಟೆ. ಏಷ್ಯದವರ ಸೇನೆಯೆಂದೊಡನೆ ಅಶಿಕ್ಷಿತ ಗುಂಪೆಂದು ಭಾವಿಸಿ ಕೆಳಗಿನ ಅಂಕಿಯನ್ನು ಹಾಕಿಬಿಡುವ ಹಳೆಯ ಅಭ್ಯಾಸವು ಕೆಲವು ನಿಯಮಕಾರರಲ್ಲಿ ಉಳಿದಿದೆ. ಮೈಸೂರಿನ ಸೇನೆಯಲ್ಲಿ ಕವಾಯತು ಕಲಿತ ಕಾಲಾಳುಗಳ ‘ಕುಶೂನ್’ಗಳಿದ್ದುವು, ಅವುಗಳೊಡನೆ ಅಗ್ನಿಬಾಣಗಳ ತಂಡಗಳಿದ್ದುವು, ಈ ಎಲ್ಲಕ್ಕೂ ಕ್ರಮವನ್ನು ಹೇಳುವ ‘ಫತ್‌ಹುಲ್ ಮುಜಾಹಿದೀನ್’ ಎಂಬ ಕೈಪಿಡಿಯಿತ್ತು. ಆ ಬಾಣಗಳ ಕೊಳವೆ ಕಬ್ಬಿಣದ್ದು. ಅದನ್ನು ನೋಡಿಯೇ ಇಂಗ್ಲೆಂಡಿನಲ್ಲಿ ಕಾಂಗ್ರೀವನು ತನ್ನ ರಾಕೆಟ್ಟನ್ನು ಸಿದ್ಧಪಡಿಸಿದನು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಇಂಥ ಬಾಣಗಳು ಸಾವಿರಕ್ಕೆ ಮಿಕ್ಕಿ ದೊರೆತುವು. ಇವನ್ನೆಲ್ಲ ಬಲ್ಲವನು ಬರೆದ ನಿಯಮಕ್ಕೂ ಬಲ್ಲದವನು ಬರೆದ ನಿಯಮಕ್ಕೂ ಮೇಜಿನ ಮೇಲೆ ಬೇರೆ ಬೇರೆ ಫಲಗಳು ಬರುವುವು. ತಪ್ಪು ಅಂಕಿಯನ್ನು ತಿದ್ದಬೇಕಾದವರು ಯಾರು? ಪತ್ರಿಕೆಗಳಲ್ಲಿ ಖಂಡನೆ ಬರೆಯುವುದರಿಂದ ಅದು ತಿದ್ದಲ್ಪಡದು.

ನಾವು ಹಾಕುವ ಅಂಕಿಗಳಾದರೂ ನೆಟ್ಟಗಿವೆಯೇ? ನಮ್ಮ ಸಭೆಗಳಲ್ಲಿ ನಮ್ಮ ಯೋಧನ ಧೈರ್ಯಕ್ಕೆ ಅನಂತವೆಂಬ ಅಂಕಿಯನ್ನು ಹಾಕುವೆವು. ಸೋಲಿಗೆ ಒಬ್ಬ ದ್ರೋಹಿಯನ್ನು ಹುಡುಕಿ ಅವನ ತಲೆಗೆ ಕಟ್ಟುವೆವು. ಮೀರ್ ಸಾದಕನ ಕಥೆಯನ್ನರಿಯದ ಕನ್ನಡ ಬಾಲಕನಿಲ್ಲ. ಆದರೆ 1799ರ ಏಪ್ರಿಲಿನಲ್ಲಿ ಹ್ಯಾರಿಸನ ದಂಡಿನಲ್ಲಿ ದವಸ ತೀರುತ್ತ ಬಂದಿತ್ತೆಂಬುದೂ, ಕಾವೇರಿಯಲ್ಲಿ ಮಳೆಗಾಲದ ನೀರು ಬರುವುದರೊಳಗೆ ಕೋಟೆಯನ್ನು ಹಿಡಿಯದಿದ್ದರೆ ಅವನು ಹಿಂದಿರುಗಬೇಕಾಗುತ್ತಿತ್ತೆಂಬುದೂ ಎಷ್ಟು ಜನಕ್ಕೆ ಗೊತ್ತು? ಈ ಮುತ್ತಿಗೆಯನ್ನು ಮೇಜಿನ ಮೇಲೆ ಹೂಡುವವನು ಇವನ್ನು ಬಿಡುವಂತಿಲ್ಲ. ಅಕ್ಕಿ ಎಷ್ಟು ದಿನಕ್ಕಿದೆ, ಹೊಳೆಯ ನೀರು ಮೊಣಕಾಲಿಗೋ ಎದೆಗೋ, ಪಶ್ಚಿಮದ ಗೋಡೆಗೆ ಎಷ್ಟು ಫಿರಂಗಿ ತಿರುಗಿವೆ, ಇವೆಲ್ಲ ಅವನ ನಿಯಮದಲ್ಲಿ ಬರಲೇಬೇಕು. ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿಯು ಕತ್ತಲಲ್ಲಿ ದಾರಿತಪ್ಪಿ, ನಮ್ಮವರ ಗುಂಡಿಗೂ ಬಾಣಕ್ಕೂ ಸಿಕ್ಕಿ, ಮೊಣಕಾಲಿಗೆ ಪೆಟ್ಟು ತಿಂದು ಹಿಂದೆಗೆದನು. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್‌ಟನ್ ಇವನೇ. ಹಗಲಿನಲ್ಲಿ ನೋಡಿಕೊಳ್ಳದ ನೆಲೆಯ ಮೇಲೆ ರಾತ್ರಿ ಬೀಳಬಾರದೆಂಬ ಪಾಠವನ್ನು ಅವನು ಕಲಿತದ್ದು ನಮ್ಮ ತೋಪಿನಲ್ಲಿ. ಮೇ 4ರ ಮಧ್ಯಾಹ್ನ ಏರಿಬಂದವರ ಮುಂದಾಳು ಬೇರ್ಡನೋ, ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿ ಇದೇ ಶ್ರೀರಂಗಪಟ್ಟಣದ ಸೆರೆಯಲ್ಲಿ ವರ್ಷಗಳನ್ನು ಕಳೆದವನು. ಗೋಡೆಯ ಬಿರುಕು, ಇಳಿದಿದ್ದ ಹೊಳೆ, ಹಸಿವಿನ ಅವಸರ, ಹಳೆಯ ಹಗೆ. ಇಷ್ಟೆಲ್ಲದರ ನಡುವೆ ದ್ರೋಹಿಯ ಪಾಲು ಎಷ್ಟೆಂಬುದನ್ನು ದಾಳದ ಲೆಕ್ಕದಲ್ಲಿ ಒಮ್ಮೆ ಬರೆದು ನೋಡಿದರೆ ನಮ್ಮ ಉಪನ್ಯಾಸಕರ ಧ್ವನಿಯು ಸ್ವಲ್ಪ ತಗ್ಗೀತು.

ಇನ್ನೊಂದು ಸಂಗತಿಯನ್ನು ಬರೆಯುವಾಗ ನಮ್ಮ ಲೇಖನಿಯೇ ತಡೆಯುವುದು. ಹ್ಯಾರಿಸನ ಸೇನೆಯನ್ನು ಬೊಂಬೆಗಳಲ್ಲಿ ಮಾಡಹೊರಟವನು ಬಿಳಿಯ ಮುಖಕ್ಕಿಂತ ಕಂದುಬಣ್ಣದ ಮುಖಗಳನ್ನೇ ಹೆಚ್ಚಾಗಿ ಬರೆಯಬೇಕಾಗುವುದು. ಕೆಂಪು ಅಂಗಿಯ ಸಿಪಾಯಿಗಳಲ್ಲಿ ಹೆಚ್ಚಿನ ಪಾಲು ಮದರಾಸಿನವರು, ಬೊಂಬಾಯಿಯವರು. ಪಕ್ಕದಲ್ಲಿ ನಿಜಾಮನ ದಂಡು. 1792ರ ಮುತ್ತಿಗೆಯನ್ನು ಹೂಡಿದರೆ ಮರಾಠರನ್ನೂ ಆ ಪಕ್ಷದಲ್ಲೇ ನಿಲ್ಲಿಸಬೇಕು. ಇಂಗ್ಲಿಷರು ನಮ್ಮನ್ನು ಗೆದ್ದರೆಂದು ಪಾಠಪುಸ್ತಕವು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವುದು. ಮೇಜಿನ ಎರಡೂ ಬದಿಗಳಲ್ಲಿ ನಮ್ಮವರನ್ನೇ ಒಬ್ಬೊಬ್ಬರಾಗಿ ಬಣ್ಣ ಬಳಿದು ನಿಲ್ಲಿಸಿದವನಿಗೆ ಆ ವಾಕ್ಯವು ಸಾಲದೆಂದು ತಾನಾಗಿಯೇ ತಿಳಿಯುವುದು. ಮೂರು ನೂರು ಮುಖಗಳಿಗೆ ಬಣ್ಣ ಹಚ್ಚುವಷ್ಟು ಹೊತ್ತಿನಲ್ಲಿ ಮನುಷ್ಯನು ಏನನ್ನಾದರೂ ಯೋಚಿಸಲೇಬೇಕಲ್ಲವೆ?

ಇದಕ್ಕೆ ಪ್ರತಿಯಾಗಿ ನಮ್ಮಲ್ಲಿ ನಡೆದುದೇನು? 2015ರಲ್ಲಿ ಸರ್ಕಾರವು ಟಿಪ್ಪು ಜಯಂತಿಯನ್ನು ಆರಂಭಿಸಿತು. 2019ರಲ್ಲಿ ಬೇರೊಂದು ಸರ್ಕಾರವು ನಿಲ್ಲಿಸಿತು. ಒಂದು ಬೀದಿಯಲ್ಲಿ ಹೂಮಾಲೆ, ಇನ್ನೊಂದರಲ್ಲಿ ಕಪ್ಪು ಬಾವುಟ. ಎರಡು ಬೀದಿಗಳಲ್ಲಿಯೂ ಕೂಗಿದವರನ್ನು ನಿಲ್ಲಿಸಿ ಸುಲ್ತಾನಪೇಟೆಯ ತೋಪು ಕೋಟೆಗೆ ಯಾವ ದಿಕ್ಕಿನಲ್ಲಿದೆಯೆಂದು ಕೇಳಿದ್ದರೆ ಉತ್ತರ ದೊರೆಯುತ್ತಿತ್ತೆಂದು ನಮಗೆ ನಂಬಿಕೆಯಿಲ್ಲ. ಬೊಂಬೆಯ ಆಟದಲ್ಲಿ ಒಂದು ದೊಡ್ಡ ಗುಣವುಂಟು: ಒಬ್ಬನು ಹೈದರನಾದರೆ ಇನ್ನೊಬ್ಬನು ಬೇಯ್ಲಿಯಾಗಲೇಬೇಕು. ಪೊಲ್ಲಿಲೂರಿನ ದಿನ ಕೆಲವೇ ಹರಿದಾರಿ ದೂರದ ಕಂಚಿಯಲ್ಲಿದ್ದ ಮನ್ರೋ ಏಕೆ ನೆರವಿಗೆ ಬರಲಿಲ್ಲವೆಂಬುದನ್ನು ಬೇಯ್ಲಿಯ ಕುರ್ಚಿಯಲ್ಲಿ ಕುಳಿತು ಕಾದವನು ಚೆನ್ನಾಗಿ ತಿಳಿಯುವನು. ಎರಡನೆಯ ಆಟದಲ್ಲಿ ಕುರ್ಚಿಗಳು ಬದಲಾಗುವುವು.

ಕೊಲೆಯನ್ನು ವಿನೋದ ಮಾಡಿಕೊಳ್ಳುವುದು ಅಹಿಂಸೆಯ ನಾಡಿಗೆ ಒಪ್ಪುವುದೇ ಎಂದು ಕೇಳುವ ಹಿರಿಯರು ಇರುವರು. ಅವರಿಗೆ ನಾವು ಪೂರ್ತಿ ಸಮಾಧಾನ ಹೇಳಲಾರೆವು. ಇತ್ತೀಚಿನ ಯುದ್ಧಗಳನ್ನು, ಗಾಯ ಇನ್ನೂ ಆರದವುಗಳನ್ನು, ಮೇಜಿನ ಮೇಲೆ ತರುವುದು ನಮಗೂ ರುಚಿಸದು. ಆ ಹವ್ಯಾಸಿಗಳಲ್ಲಿಯೇ ಇದರ ವಿಷಯದಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಕುಮಾರವ್ಯಾಸನ ಕರ್ಣಪರ್ವವನ್ನು ರಾತ್ರಿಯೆಲ್ಲ ಗಮಕಿಯಿಂದ ಓದಿಸಿ ಕೇಳಿ ತಲೆದೂಗಿದ ಜನಕ್ಕೆ ಯುದ್ಧವು ರಸವಸ್ತುವಾಗಬಾರದೆಂದು ಉಪದೇಶಿಸುವುದು ಕಷ್ಟ.

ವೆಚ್ಚದ ಆಕ್ಷೇಪಣೆಯು ಇದಕ್ಕಿಂತ ಬಲವಾದುದು. ಪರದೇಶದಿಂದ ಬೊಂಬೆಗಳನ್ನು ತರಿಸಿದರೆ ಅಂಚೆಯ ಖರ್ಚು, ಸುಂಕ ಎಲ್ಲವೂ ಸೇರಿ ಸಾಮಾನ್ಯ ಕುಟುಂಬದ ಹುಡುಗನಿಗೆ ಎಟುಕದು. ತರಿಸಬೇಕಾದುದೂ ಇಲ್ಲ. ಚನ್ನಪಟ್ಟಣದಲ್ಲಿ ಮರವನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣ ಏರಿಸುವ ಕುಶಲಿಗಳಿರುವರು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಬೊಂಬೆಗೆ ಮುಖ ಬರೆಯುವ ಚಿತ್ರಗಾರರಿರುವರು. ಒಂದಂಗುಲದ ಮರದ ಸಿಪಾಯಿಯನ್ನು ಕಡೆಯುವುದು ಅವರಿಗೆ ಅಸಾಧ್ಯವೆಂದು ನಾವು ನಂಬೆವು. ಅಲ್ಲಿಯವರೆಗೆ ದಪ್ಪ ಕಾಗದವನ್ನು ಕತ್ತರಿಸಿ ಬಣ್ಣ ಹಚ್ಚಿ ನಿಲ್ಲಿಸಿದರೂ ಆಟವು ನಡೆಯುವುದು. ನವರಾತ್ರಿಯಲ್ಲಿ ಮೆಟ್ಟಿಲುಗಳ ಮೇಲೆ ಬೊಂಬೆ ಕೂರಿಸಿ ನೆರೆಹೊರೆಯವರನ್ನು ಕರೆದು ತೋರಿಸುವ ಪದ್ಧತಿಯುಳ್ಳ ಮನೆಗಳಲ್ಲಿ ಇದಕ್ಕೆ ಬೇಕಾದ ತಾಳ್ಮೆ ಆಗಲೇ ಇದೆ.

ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆಯನ್ನು ಇದಕ್ಕಾಗಿ ಬಿಟ್ಟುಕೊಡಬೇಕೆಂದು ಅಧಿಕಾರಿಗಳಿಗೆ ಸೂಚಿಸುವೆವು. ಶ್ರೀರಂಗಪಟ್ಟಣದ ದ್ವೀಪ, ಎರಡು ಕವಲಿನ ಕಾವೇರಿ, ಪಶ್ಚಿಮದ ಗೋಡೆ, ತೋಪು ಇವುಗಳ ಮಾದರಿಯನ್ನು ಒಂದು ದೊಡ್ಡ ಮೇಜಿನ ಮೇಲೆ ಮಾಡಿಸಿ, ಕಾಲೇಜಿನ ಚರಿತ್ರೆಯ ವಿದ್ಯಾರ್ಥಿಗಳಿಗೆ ಅದನ್ನೊಪ್ಪಿಸಲಿ. ನಿಯಮಾವಳಿಯು ಕನ್ನಡದಲ್ಲಿಯೇ ಇರಲಿ. ಬಂದವರು ಕುಳಿತು ಆಡಲಿ. ಒಂದು ಕುಶೂನಿಗೆ ಎಷ್ಟು ಬೊಂಬೆ, ಬಾಣದ ಓಟಕ್ಕೆ ಎಷ್ಟು ಅಂಗುಲ, ಹೊಳೆ ಏರುವುದಕ್ಕೆ ದಾಳದಲ್ಲಿ ಎಷ್ಟು ಬೀಳಬೇಕು ಎಂಬಿವುಗಳನ್ನು ಯೋಚಿಸಿ ಬರೆದು ಕಳುಹುವವರ ಕಾಗದಗಳನ್ನು ನಮ್ಮ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.